ಮೈನಸ್ ಗುರುತು

ಅರಸೀಕೆರೆ ಜೂನಿಯರ್ ಕಾಲೇಜಿನ ಲ್ಯಾಬಿನಲ್ಲಿ
ಕ್ಯಾಲೊರಿಮೀಟರ್ ಅಂದರೆ ಎರಡು ಥರ್ಮೋಕೋಲ್ ಲೋಟ,
ಒಂದರೊಳಗೊಂದು. ರಟ್ಟಿನ ಮುಚ್ಚಳ,
ತೂತಿನಿಂದ ಇಣುಕುವ ಥರ್ಮಾಮೀಟರು.

ಫರ್ಹಾನಾ ಮೇಡಂ ಒಂದು ಚಮಚ ಸುಟ್ಟ ಸುಣ್ಣ ಸುರಿದರು ನೀರಿಗೆ.
ಇಪ್ಪತ್ತಾರು. ಮೂವತ್ತೊಂದು. ನಲವತ್ತು.
‘ಒಲೆಯಿಲ್ಲ, ಕಡ್ಡಿ ಗೀರಿಲ್ಲ. ಎಲ್ಲಿಂದ ಬಂತು?’
ಯಾರೂ ಬಾಯಿಬಿಡಲಿಲ್ಲ.

ನನಗೆ ಗೊತ್ತಿತ್ತು.
ತಿಪಟೂರು ರಸ್ತೆಯ ಸುಣ್ಣದ ಗೂಡಿನಲ್ಲಿ
ತಾತ ದ್ಯಾವೀರಯ್ಯ
ಒಂದು ವರಸೆ ಕರಟ, ಒಂದು ವರಸೆ ಕಲ್ಲು ಒಟ್ಟಿ
ಎರಡು ರಾತ್ರಿ ಉರಿ ಹಾಕುತ್ತಿದ್ದ.
ಕಲ್ಲು ತನ್ನ ಉಸಿರೆಲ್ಲ ಬಿಟ್ಟು ಹಗುರಾಗುತ್ತಿತ್ತು.
ಆರಿದ ಮೇಲೆ ಮುಟ್ಟಿ ನೋಡು, ಕಲ್ಲಿನಷ್ಟೇ ತಣ್ಣಗೆ.
ಯಾವ ಥರ್ಮಾಮೀಟರಿಗೂ ಸಿಗದ ಹಾಗೆ
ಕರಟದ ಉರಿ ನುಂಗಿಕೊಂಡು
ಗೋಣಿಚೀಲದಲ್ಲಿ ಕೂತಿರುತ್ತಿತ್ತು,
ನೀರು ಕೇಳಲಿ ಅಂತ.

ಹೇಳಲಿಲ್ಲ. ಗೂಡಿನವರ ಮೊಮ್ಮಗಳು ಅಂತಾರೆ.

ರೆಕಾರ್ಡ್ ಪುಸ್ತಕದಲ್ಲಿ ಒಂದು ಅಂಕ ಕಳೆದಿತ್ತು:
ಉತ್ತರದ ಹಿಂದೆ ಮೈನಸ್ ಹಾಕಿರಲಿಲ್ಲ.
ಕೆಂಪು ಶಾಯಿಯಲ್ಲಿ ಮೇಡಂ ಬರೆದಿದ್ದರು:
‘ಕೊಟ್ಟವರ ಕಡೆಯಿಂದ ಲೆಕ್ಕ ಬರೆಯಬೇಕು,
ಪಡೆದವರ ಕಡೆಯಿಂದಲ್ಲ.’
ಅದರ ಕೆಳಗೆ, ಸಣ್ಣಕ್ಷರದಲ್ಲಿ:
‘ಉಷ್ಣ ಯಾರೊಳಗೂ ಇರುವುದಿಲ್ಲ.
ದಾಟುವಾಗಷ್ಟೇ ಅದಕ್ಕೆ ಆ ಹೆಸರು.’

ಸಂಜೆ ತಾತ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ,
ಸುಣ್ಣ ತಿಂದ ಬೆರಳ ಸಂದಿಗಳಿಗೆ.
‘ಎಷ್ಟು ಬಂತವ್ವ?’
‘ಒಂಬತ್ತು.’
‘ಆ ಒಂದು ಯಾರಿಗೆ ಕೊಟ್ಟೆ?’

ಹೇಳುವುದು ಉದ್ದವಾಗುತ್ತೆ ಅಂತ
ಕೈ ಹಿಡಿದುಕೊಂಡೆ.
ನಡೆದು ಬಂದ ನನ್ನದು ಬಿಸಿ, ಅವನದು ತಣ್ಣಗೆ.
ಎರಡೂ ಒಂದೇ ಆಗುವ ತನಕ
ಬಿಡಲಿಲ್ಲ.