ನಾಲ್ಕನೇ ಸೀಟಿನ ಕಂಬಿ

ಟೊಂಕ ಕಟ್ಟಿ ನಿಂತವಳು ಎನ್ನುತ್ತಿದ್ದರು ನನ್ನನ್ನು,
ಅದು ಬರೀ ಮಾತಾಗಿದ್ದ ಕಾಲದಲ್ಲಿ.
ಈಗ ನಿಜವಾಗಿಯೂ ಕಟ್ಟಿದ್ದಾರೆ:
ಎರಡು ತಗಡು, ಒಂಬತ್ತು ತಿರುಪು.
ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಒಂದು ಇಡೀ ಸೋಮವಾರ ಹಿಡಿಯಿತಂತೆ.

ಕಬ್ಬಿನ ಟ್ರ್ಯಾಕ್ಟರು ಹಿಂದಕ್ಕೆ ಬಂದದ್ದು,
ಬಸ್ಸಿನ ಬೆನ್ನಿಗೂ ಅದರ ಟ್ರೇಲರಿಗೂ ನಡುವೆ ನಾನಿದ್ದದ್ದು,
ಹೇಳಿ ಹೇಳಿ ಬೇರೆ ಯಾರದೋ ಕಥೆಯಂತಾಗಿದೆ.
ಹೇಳದೆ ಉಳಿದದ್ದು ಆ ಸದ್ದು.
ಜಲ್ಲೆ ಮುರಿದ ಹಾಗಿತ್ತು.
ಜಲ್ಲೆಯೇ ಅಂದುಕೊಂಡೆ.

ಹನ್ನೊಂದು ತಿಂಗಳ ಮೇಲೆ ಮಂಡ್ಯದ ಡಿಪೋ ಗೇಟು,
ಬೆಳಗಿನ ಐದೂ ಮುಕ್ಕಾಲು.
ಡೀಸೆಲ್ ವಾಸನೆಗೂ ಗಂಟಲು ಕಟ್ಟುತ್ತದೆಂದು
ಯಾರು ಕಂಡಿದ್ದರು?
ಸಾಹೇಬರು ಫೈಲಿನಿಂದ ತಲೆಯೆತ್ತದೆ,
'ಲೈಟ್ ಡ್ಯೂಟಿ ಬರಕೊಡ್ಲೇನಮ್ಮ? ಕುರ್ಚಿ ಕೆಲಸ.'
ಅವರಿಗೇನು ಗೊತ್ತು, ನನಗೀಗ ಕಷ್ಟವೆಂದರೆ ಕುರ್ಚಿ.
ನಿಂತರೆ ಒಂದು ನೋವು, ಕೂತರೆ ಮೂರು.
ನಿಂತ ನೋವಿಗಾದರೆ ಕಿಟಕಿಯಿದೆ, ಊರು ಕಾಣುತ್ತದೆ.

ಕುರ್ಚಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ.
ಮೊದಲು ಮನೆ ಬಿಟ್ಟು ಹೊರಟದ್ದು ಕೆಲಸಕ್ಕಲ್ಲ,
ಗುತ್ತಲಿಗೆ, ಓರಗಿತ್ತಿಯ ಮಗುವಿನ ನಾಮಕರಣಕ್ಕೆ.
ಹೆಂಗಸರೆಲ್ಲ ಜಮಖಾನದ ಮೇಲೆ, ಮೊಣಕಾಲು ಮೊಣಕಾಲಿಗೆ ತಾಗಿ.
ನನಗೆ ಮಾತ್ರ ನೀಲಿ ಪ್ಲಾಸ್ಟಿಕ್ ಸಿಂಹಾಸನ.
ಮಗುವನ್ನು ಮಡಿಲಿಗಿಡಲು ಬಂದ ಕೈ
ಅರ್ಧಕ್ಕೇ ನಿಂತಿತು: 'ಬ್ಯಾಡ ಬುಡು, ನೋಯ್ತದೆ.'
ಬೆನ್ನ ಹಿಂದೆ ಯಾರೋ: 'ಅವಳಿಗೆ ಇನ್ನಾಯ್ತದಾ?'
ಆಗುವುದಿದ್ದರೂ ನಿಮ್ಮನ್ನು ಕೇಳಿ ಆಗಬೇಕೇ
ಎನ್ನಬಹುದಿತ್ತು. ಪಾಯಸ ಕುಡಿದೆ.

ಅವನೂ ಹಾಗೆಯೇ, ನನ್ನ ಗಂಡ.
ಒಂಬತ್ತು ವಾರ ಬೆಡ್‌ಪ್ಯಾನ್ ಹಿಡಿದ,
ಮೂಗು ಮುರಿಯಲಿಲ್ಲ ಒಂದು ದಿನವೂ.
ಈಗ ಸೆರಗು ಹಿಡಿಯಲು ಅಂಜುತ್ತಾನೆ.
ರಾತ್ರಿ ಕೈ ಚಾಚಿ, ಅಂಗಡಿಯ ಗಾಜಿನ ಸಾಮಾನು
ಮುಟ್ಟಿ ನೋಡುವವನಂತೆ, ಹಿಂದೆಗೆಯುತ್ತಾನೆ.
ಒಡೆದರೆ ದುಡ್ಡು ಕೊಡಬೇಕಲ್ಲ.

ಇರಲಿ. ಬಸ್ಸು ಹೊರಟಿತು, ಕೆರಗೋಡಿನ ದಾರಿ.
ಎಡಗಡೆ ನಾಲ್ಕನೇ ಸೀಟಿನ ಕಂಬಿ,
ಹದಿಮೂರು ವರ್ಷ ನನ್ನ ಸೊಂಟ ಒರಗಿ ಒರಗಿ
ಬಣ್ಣ ಹೋಗಿ ಹೊಳೆಯುತ್ತಿದ್ದ ಜಾಗ.
ಅಲ್ಲಿ ಆತುಕೊಂಡರೆ ಎರಡು ಕೈಯೂ ಬಿಡುವು,
ಚಿಲ್ಲರೆಗೊಂದು, ಮಿಶಿನ್ನಿಗೊಂದು.
ಮೆಲ್ಲಗೆ ಒರಗಿದೆ.
ಕಬ್ಬಿಣಕ್ಕೆ ಕಬ್ಬಿಣ, ನಡುವೆ ಒಂದಿಷ್ಟು ನಾನು.

ಮರಿಲಿಂಗಣ್ಣ ಹಂಪು ಹಂಪಿಗೂ
ತೊಟ್ಟಿಲು ದಾಟಿಸುವಂತೆ ದಾಟಿಸಿದ.
'ಎತ್ತಿನ ಗಾಡಿಯೇನ್ಲಾ?' ಹಿಂದಿನ ಸೀಟಿಂದ ಕೂಗು.
'ಅಣ್ಣಾ, ಮಾಮೂಲಿ ಓಡ್ಸು' ಅಂದೆ.
ಕನ್ನಡಿಯಲ್ಲಿ ಒಮ್ಮೆ ನೋಡಿ, ಓಡಿಸಿದ.
ಮುಂದಿನ ಹಂಪಿಗೆ ನನ್ನ ಬಾಯಿಂದ ಬಂದ ಮಾತು
ಸ್ಕೂಲಿನ ಹುಡುಗರು ಇನ್ನೊಂದು ವಾರ ಆಡಿಕೊಳ್ಳುವಂಥದು.

ಆಮೇಲೆ ಸೊಪ್ಪಿನ ಮೂಟೆಯ ಕಾಳಮ್ಮಜ್ಜಿ ಹತ್ತಿದಳು.
ಎಲ್ಲಿದ್ದೆ, ಏನಾಯಿತು, ಅಯ್ಯೋ ಪಾಪ: ಒಂದೂ ಇಲ್ಲ.
ಎಲೆಅಡಿಕೆ ಚೀಲ ಬಿಚ್ಚಿ
ಮಡಿಸಿದ ಟಿಕೆಟ್ಟೊಂದನ್ನು ಮೂಗಿಗೆ ಹಿಡಿದಳು.
'ಲಗೇಜಿಂದು. ಮೂರ್ರುಪಾಯಿ ಬಾಕಿ ಮಡಗಿದ್ದೆ ನೀನು.'
ಮಿಶಿನ್ನಿನ ಅಕ್ಷರವೆಲ್ಲ ಅಳಿಸಿ ಬರೀ ಬಿಳಿ.
ಬೆನ್ನಲ್ಲಿ ಪೆನ್ನಿನಲ್ಲಿ ಬರೆದ ಮೂರು, ಸುತ್ತ ಒಂದು ಸೊನ್ನೆ,
ನನ್ನದೇ ಬರಹ, ಹಿಂದಿನ ಸೊಂಟದವಳದು.

ಎಣಿಸಿ ಕೊಟ್ಟೆ. ಅವಳೂ ಎಣಿಸಿಕೊಂಡಳು.
'ಇನ್ನೇನ್ ನೋಡ್ತಿದ್ದೀಯೆ, ರೈಟ್ ಅನ್ನು,
ನನ್ ಸೊಪ್ಪು ಬಾಡ್ತದೆ.'