ಶುಕ್ರವಾರದ ಕಪ್ಪು

ಬರ್ಸ್ಲೆಮ್ಮಿನ ಈ ಸಾಲುಮನೆ ಕೊಂಡಾಗ
ನಮಗೆ ಹಿಡಿಸದೆ ಹೋದದ್ದು ಒಂದೇ,
ಮುಂದಿನ ಕೋಣೆಯ ಬೆಂಕಿಗೂಡು.
ಹಾಲು ಹೆಚ್ಚಾದ ಚಹಾದ ಬಣ್ಣ,
ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೆಗಲು,
ಗೋಡೆಗೆ ಬೆನ್ನು ಕೊಟ್ಟು ಕೂತ
ನಿವೃತ್ತ ಗುಮಾಸ್ತನ ಹಾಗೆ.

ನೂರಿಪ್ಪತ್ತು ವರ್ಷದ ಮನೆಗೆ
ಇದೆಂಥ ಮುಖ, ಎಂದಳು ಬ್ರೈಯೊನಿ.
ಬಿಳಿ ಬಳಿದುಬಿಡೋಣ, ಎಂದೆ.
ಕುಂಬಾರರ ಊರಿನ ಮಗಳು ಅವಳು,
ಬೆರಳ ಗೆಣ್ಣಿನಿಂದ ಕುಟ್ಟಿ
ಮಡಕೆ ಕೊಳ್ಳುವವಳಂತೆ ಕಿವಿಗೊಟ್ಟಳು:
ಒಳಗೆ ಪೊಳ್ಳು. ಹಿಂದೆ ಇನ್ನೊಂದಿದೆ.

ಶನಿವಾರ ಹಳೆಯ ಚಾದರ ಹಾಸಿ
ಮೂಗಿಗೆ ಬಟ್ಟೆ ಕಟ್ಟಿ ಉಳಿ ಹಿಡಿದೆ.
ಮೊದಲ ಬಿಲ್ಲೆ ಜಪ್ಪಯ್ಯ ಅನ್ನಲಿಲ್ಲ.
ಎರಡನೆಯದು ನನ್ನ ಹೆಬ್ಬೆರಳು ಕೇಳಿತು, ಕೊಟ್ಟೆ.
ಮೂರನೆಯದು ಕಳಚಿದ್ದೇ ತಡ
ಸಾಲಿಗೆ ಸಾಲೇ ಸಡಿಲಾಯಿತು,
ಒಬ್ಬನ ಬಾಯಿಂದ ಜಾರಿದ ಗುಟ್ಟು
ಊರಿಗೇ ಜಾರುವಂತೆ.
ಮೇಲಿಂದ ಒಂದು ಬುಟ್ಟಿ ಮಸಿ,
ಕಾಗೆ ಗೂಡಿನ ಕಡ್ಡಿ,
ಯಾವುದೋ ಹಕ್ಕಿಯ ಎಲುಬು,
ಬೆಂಕಿಕಡ್ಡಿಗಿಂತ ಹಗುರ.

ಆಮೇಲೆ ಕಂಡಿತು.
ಎರಕದ ಕಬ್ಬಿಣದ ಕಮಾನು, ಅದರ ತುಂಬ ಬಳ್ಳಿ,
ಎಡಕ್ಕೆ ಐದು ಬಲಕ್ಕೆ ಐದು ಬಿಲ್ಲೆ,
ಬಾವಿಯ ಆಳದ ಪಾಚಿಯ ಹಸಿರು,
ಒಂದೊಂದರಲ್ಲೂ ಒಂದು ಹೂವು.
ಬಲಗಡೆ ಕೊನೆಯದು ಮಾತ್ರ ತಲೆಕೆಳಗು.
ಕೂರಿಸಿದವನು ಕುಡಿದಿದ್ದನೋ
ಕತ್ತಲಾಗಿತ್ತೋ
ಕೂಲಿ ಕಡಿಮೆ ಕೊಟ್ಟಿದ್ದರೋ.

ಮಾಣಿಕ್ಯವನ್ನು ಮಸಿ ನುಂಗಿತ್ತು ನೋಡು,
ಎಂದು ಬೀಗುತ್ತ
ಪಕ್ಕದ ಮನೆಯ ಎನಿಡ್ ಟನ್ನಿಕ್ಲಿಫ್‌ರನ್ನು ಕರೆತಂದೆವು.
ವಯಸ್ಸು ತೊಂಬತ್ತೊಂದು. ಹುಟ್ಟಿದ್ದು ನಮ್ಮ ಮನೆಯಲ್ಲೇ,
ಮದುವೆಯಾಗಿ ದಾಟಿದ್ದು ಒಂದೇ ಗೋಡೆ.
ಊರುಗೋಲಿಗೆ ಎರಡೂ ಕೈ ಕೊಟ್ಟು ನಿಂತರು.
ಬೆರಗಿನ ಉದ್ಗಾರಕ್ಕೆ ನಾವು ಕಾದೆವು.

ಓ, ಇದಾ.
ಇದಿನ್ನೂ ಸತ್ತಿಲ್ಲವಾ?

ಕುರ್ಚಿ ಎಳೆದುಕೊಟ್ಟೆ. ಕೂತು ಹೇಳಿದರು:
ಶುಕ್ರವಾರ ಶುಕ್ರವಾರ ನಸುಕಿನ ಐದಕ್ಕೆ
ಅಮ್ಮ ಇದರ ಮುಂದೆ ಮಂಡಿಯೂರುತ್ತಿದ್ದಳು,
ಪ್ರಾರ್ಥನೆಗಲ್ಲ.
ಕಪ್ಪು ಪಾಲಿಷು ಬಳಿದು, ತಿಕ್ಕಿ, ಮತ್ತೆ ತಿಕ್ಕಿ,
ಈ ಹಾಳು ಬಳ್ಳಿಯ ಸಂದಿ ಸಂದಿಗೂ ಬ್ರಶ್ಶು.
ಹಗಲೆಲ್ಲ ಕಾರ್ಖಾನೆಯಲ್ಲಿ
ಬಟ್ಟಲುಗಳಿಗೆ ಚಿನ್ನದ ಅಂಚು ಬರೆಯುವ ಕೈ,
ಆದರೆ ಚರ್ಚಿನಲ್ಲಿ ಕೈಗವಸು ತೆಗೆಯುತ್ತಿರಲಿಲ್ಲ.
ನನಗೆ ಏಳು ವರ್ಷ ಆಗ,
ಅಪ್ಪ ವಾರದ ಕಂತಿನ ಮೇಲೆ
ಆ ಚಹಾ ಬಣ್ಣದ್ದನ್ನು ತಂದ.
ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದಳು ಅಮ್ಮ.
ಇಷ್ಟೇನಾ ಎಂದು ನಂಬಿಕೆ ಬಾರದೆ
ಇನ್ನೊಂದು ಸಲ ಒರೆಸಿದಳು.
ಆ ಶುಕ್ರವಾರ ಅವಳು ಎದ್ದದ್ದು
ಆರೂವರೆಗೆ.

ಹಿತ್ತಲಲ್ಲಿ ಮೂರು ಗೋಣಿಚೀಲ,
ಅದರೊಳಗೆ ಆ ಆರೂವರೆ, ಚೂರು ಚೂರಾಗಿ.
ಬ್ರೈಯೊನಿ ನನ್ನನ್ನು ನೋಡಿದಳು,
ನಾನು ಉಳಿಯನ್ನು ನೋಡಿದೆ.

ಮತ್ತೆ ಅಂಟಿಸುವ ಹಾಗಿರಲಿಲ್ಲ.
ಮುಂದಿನ ವಾರ ಒಂದು ಡಬ್ಬಿ ಪಾಲಿಷು ತಂದೆ,
ವೈನಿಗಿಂತ ದುಬಾರಿ.
ಎರಡು ಗಂಟೆ ಮಂಡಿಯೂರಿ ತಿಕ್ಕಿದೆ.
ಈಗತಾನೆ ಮಳೆಯಿಂದ ಎದ್ದುಬಂದಂತೆ
ಒಂದೊಂದೇ ಎಲೆ ಮೇಲೆದ್ದಿತು.
ಚಂದವಿತ್ತು, ಸುಳ್ಳೇಕೆ ಹೇಳಲಿ.
ತಲೆಕೆಳಗಿನ ಹೂವನ್ನು ಹಾಗೇ ಬಿಟ್ಟೆವು.

ಸಂಜೆ ಎನಿಡ್ ಅವರ ಕೇಕಿನ ತಟ್ಟೆ ಮರಳಿಸಲು ಹೋದೆ,
ಸೋಪು, ನಿಂಬೆಹಣ್ಣು, ಸೀಮೆಎಣ್ಣೆ,
ಎಲ್ಲ ಮುಗಿಸಿಕೊಂಡು.
ಅವರು ತಟ್ಟೆ ಬಿಟ್ಟು ಕೈ ಹಿಡಿದರು,
ಬಾಗಿಲ ಬೆಳಕಿಗೆ ತಿರುಗಿಸಿ
ಒಂದೊಂದೇ ಬೆರಳು ನೋಡಿದರು,
ತುಂಬ ಹೊತ್ತು.

ಶುರು ಮಾಡುವ ಮುಂಚೆಯೇ
ಸೋಪನ್ನು ಉಗುರಲ್ಲಿ ಕೆರೆದುಕೊಳ್ಳಬೇಕು, ಹುಚ್ಚಪ್ಪ.
ಉಗುರೊಳಗೆ ಮೊದಲು ಸೋಪು ತುಂಬಿದರೆ
ಕಪ್ಪಿಗೆ ಜಾಗ ಇರುವುದಿಲ್ಲ.