ಉಳಿದ ಹತ್ತು

ಮಾರ್ಸೇಯಿನ ಅಂಗಡಿಗಳಲ್ಲೂ ಸಿಗುತ್ತಿತ್ತು ಅದೇ ಆಟ,
ಫ್ರೆಂಚಿನಲ್ಲಿ, ಅರ್ಧ ಬೆಲೆಗೆ.
ಆದರೆ ಅದರೊಳಗೆ ಎಲ್ಲರೂ
ಎದೆಮಟ್ಟ ನೀರಲ್ಲಿ ನಿಂತು ಹೊಡೆದಾಡುವಂತಿತ್ತು.
ಎತ್ತಿದ ಕಾಲು ಇಳಿಯುವಷ್ಟರಲ್ಲಿ
ಅಮ್ಮ ಊಟಕ್ಕೆ ಕರೆದು, ಇನ್ನೊಮ್ಮೆ ಕರೆದು,
ಬೈದೂ ಮುಗಿಸಿರುತ್ತಿದ್ದಳು.
ಟಿವಿಯ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ,
ನಡುವೆ ಅದುಮಿ ಕುಳ್ಳಾದ ವೀರರು.
ರಕ್ತವನ್ನು ಯಾರೋ ಬೆವರು ಮಾಡಿದ್ದರು.

"ಜಪಾನಿನದು ಹೀಗಿಲ್ಲ" ಅಂದ ಗರಾಬೇದ್,
ಬೆಲ್ ದ ಮೇ ಓಣಿಯ ರೇಡಿಯೊ ರಿಪೇರಿಯವನು,
ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು.
"ಅಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ, ಇಲ್ಲಿ ಐವತ್ತು.
ಉಳಿದ ಹತ್ತು ನಿಮಗೆ ಕೊಟ್ಟಿಲ್ಲ."

ಕೊಟ್ಟಿಲ್ಲ.
ನನ್ನಣ್ಣ ಸೈಂದುವಿಗೆ ಆ ಒಂದು ಮಾತು ನಾಟಿತು.
ಬೇಸಿಗೆಯಿಡೀ ನೊವಾಯ್ ಸಂತೆಯಲ್ಲಿ
ಮರಗೆಣಸಿನ ಮೂಟೆ ಇಳಿಸಿದ.
ನಾನು ಮೂರನೇ ಮಹಡಿಯ ಮುದುಕಿಗೆ
ನೀರಿನ ಬಾಟಲಿ ಹೊತ್ತು ಕೊಟ್ಟು
ಸಿಕ್ಕ ಚಿಲ್ಲರೆಯನ್ನು ಅವನ ಕಾಲುಚೀಲಕ್ಕೆ ಸುರಿದೆ.
ಏಳುನೂರೈವತ್ತು ಫ್ರಾಂಕು.
ಅಮ್ಮನಿಗೆ ನೂರೈವತ್ತು ಅಂದೆವು.

ಗರಾಬೇದ್ ನಮ್ಮ ಯಂತ್ರದ ಹೊಟ್ಟೆ ಬಿಚ್ಚಿದ.
ಒಳಗೊಂದು ಚಿಪ್ಪು, ಕಾವಲುಗಾರ,
ಪರದೇಶದ ಕ್ಯಾಸೆಟ್ಟು ಬಂದರೆ ಬಾಗಿಲು ಹಾಕುವವನು.
ಅದರ ಒಂದೇ ಒಂದು ಕಾಲನ್ನು
ಚಿಮಟದಿಂದ ಎತ್ತಿಬಿಟ್ಟ.
"ಇನ್ನು ಇವನು ಕಾಗದ ಕೇಳೋದಿಲ್ಲ."
ಹಿಂಬದಿಗೆ ಒಂದು ಪುಟ್ಟ ಸ್ವಿಚ್ಚು ಬೆಸೆದ:
ಕೆಳಗೆ ಐವತ್ತು, ಮೇಲೆ ಅರವತ್ತು.

ಆ ರಾತ್ರಿ ಸೈಂದು ಸ್ವಿಚ್ಚನ್ನು ಮೇಲಕ್ಕೆ ಸರಿಸಿದ.
ಕಪ್ಪು ಪಟ್ಟಿಗಳು ಹೋದವು.
ಕುಳ್ಳರು ನೆಟ್ಟಗೆ ನಿಂತರು.
ಕೆಂಪು ನಡುಪಟ್ಟಿಯ ಹುಡುಗ ಏನೋ ಕೂಗಿದ,
ಮೂರು ಮಾತ್ರೆಯ ಕೂಗು, ಅರ್ಥ ಗೊತ್ತಿಲ್ಲ;
ಕೂಗು ಮುಗಿಯುವ ಮೊದಲೇ ನಾನು ಸತ್ತಿದ್ದೆ.
ಮತ್ತೆ ಎದ್ದೆ, ಮತ್ತೆ ಸತ್ತೆ.
ಅಷ್ಟು ವೇಗಕ್ಕೆ ಕಣ್ಣೇ ಪಳಗಿರಲಿಲ್ಲ,
ಬೆರಳಂತೂ ಇನ್ನೂ ಆ ನೀರಿನಲ್ಲೇ ಇತ್ತು.

ಓದಲು ಬಾರದ್ದೇ ಅದರ ರುಚಿ.
ಫ್ರೆಂಚಿನ ವೀರರು ಆಡುತ್ತಿದ್ದುದು
ನಮ್ಮ ಮೇಷ್ಟರ ಮಾತು: ನಿಲ್ಲು, ಬಾ, ಸೋತೆ.
ಇವರದೋ, ಸೈಂದು ಹೇಳಿದಷ್ಟು.
ಪರದೆ ತುಂಬ ಅಕ್ಷರ ಉದುರುವಾಗ
ಅವನು ಕಣ್ಣು ಕಿರಿದು ಮಾಡಿ ಓದಿ ಹೇಳುತ್ತಿದ್ದ:
"ಈ ಬೆಟ್ಟ ಒಡೆದೇ ಊಟಕ್ಕೆ ಬರ್ತೀನಿ ಅಂತಿದಾನೆ."
"ಇವಳು ಅವನ ತಂಗಿಯಂತೆ, ಯಾರಿಗೂ ಗೊತ್ತಿಲ್ಲವಂತೆ."
ಡಬ್ಬಿಯ ಬೆನ್ನಿಗೆ, ಇರುವೆ ಸಾಲಿನಷ್ಟು ಸಣ್ಣ,
ಎರಡು ಸಾಲು ಬರಹ. ಅದರ ಇಂಗ್ಲಿಷಿನ ಮೇಲೆ
ಗರಾಬೇದನ ಬೆಲೆಚೀಟಿ ಕೂತಿತ್ತು.
"ಇದು ಆಣೆ" ಅಂದ ಸೈಂದು.
"ಬಿದ್ದವನನ್ನು ಎಬ್ಬಿಸದೆ ಹೊರಡೆವು."
ಪ್ರತಿ ಸಲ ಆಡುವ ಮುಂಚೆ
ಆ ಎರಡು ಸಾಲಿಗೆ ತಲೆ ಬಾಗಿಸಿ ಕೂರುತ್ತಿದ್ದೆವು.
ನಾನು ಒಂದೆರಡು ಸಲ ಅತ್ತದ್ದೂ ಉಂಟು.

ಈಗ ನನ್ನದು ಬೆಳಗಿನ ಮೂರರ ಪಾಳಿ, ಬೇಕರಿ.
ರೊಟ್ಟಿ ಕಲಿಯಲು ಕೊಚಿಯಿಂದ ಬಂದ ತೊಮೊಎ
ಒಲೆ ಕಾಯುವ ಬಿಡುವಿನಲ್ಲಿ ಆ ಡಬ್ಬಿ ನೋಡಿದಳು,
ಹಿಟ್ಟಿನ ಬೆರಳಿನಲ್ಲೇ ತಿರುಗಿಸಿ, ಸುಮ್ಮನೆ ಓದಿದಳು:
ಈ ವಸ್ತುವಿನ ಮಾರಾಟ ಮತ್ತು ಬಳಕೆ
ಜಪಾನಿನ ಒಳಗೆ ಮಾತ್ರ.
ಬಾಡಿಗೆಗೆ ಕೊಡಕೂಡದು.

ನಾನು ನಕ್ಕೆ. ಅವಳಿಗೆ ಕಾರಣ ತಿಳಿಯಲಿಲ್ಲ.
ನನಗೂ ಪೂರ್ತಿ ತಿಳಿಯಲಿಲ್ಲ, ಬಿಡಿ.
ಒಲೆ ಕೂಗಿತು, ಹಲಗೆ ಎಳೆದೆವು.

ಸೈಂದು ಈಗ ಲಿಫ್ಟು ರಿಪೇರಿ ಮಾಡುತ್ತಾನೆ,
ಭಾನುವಾರ ಮಕ್ಕಳೊಂದಿಗೆ ಬರುತ್ತಾನೆ.
ಮೊನ್ನೆಯೂ ಬಂದಿದ್ದ.
ಕಿರಿಯವಳು ಡಬ್ಬಿಯ ಬೆನ್ನು ತೋರಿಸಿ ಕೇಳಿದಳು.
ಅವನು ಕಣ್ಣು ಕಿರಿದು ಮಾಡಿದ.
ನಾನು ಅಡುಗೆಮನೆಗೆ ಎದ್ದು ಹೋದೆ,
ನೀರು ಬಿಟ್ಟೆ,
ಇರದ ಪಾತ್ರೆಯನ್ನು ತೊಳೆಯುತ್ತಾ ನಿಂತೆ.